ಸ್ಯಾಂಟಿಯಾಗೊ–ಬ್ಯೂನಸ್ ಐರಿಸ್: ದೂರ ಎಷ್ಟು, ಹೊತ್ತು ಎಷ್ಟು? ನೀವೇ ಲೆಕ್ಕ ಹಾಕಿ

ಜುಲೈ ತಿಂಗಳ ಒಂದು ಟಿಕೆಟ್ ಕೈಲಿದೆ ಎಂದುಕೊಳ್ಳಿ. ಚಿಲಿಯ ಸ್ಯಾಂಟಿಯಾಗೊದಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ತಲುಪುವುದು ಮಧ್ಯಾಹ್ನ 1ಕ್ಕೆ. ವಾಪಸು ಬರುವ ದಿನ ಅಲ್ಲಿಂದ 10ಕ್ಕೆ ಹೊರಟರೆ 11.20ಕ್ಕೇ ಸ್ಯಾಂಟಿಯಾಗೊ. ಹೋಗಲು ಮೂರು ತಾಸು, ಬರಲು ಒಂದೂ ಕಾಲು ಚಿಲ್ಲರೆ? ನಿಜ ತಿರುಗುಮುರುಗಾಗಿದೆ. ಹೆಚ್ಚು ಹೊತ್ತು ಹಿಡಿಯುವುದು ವಾಪಸು ಬರುವಾಗಲೇ.

ಮೊದಲು ದೂರ. ಮೊಬೈಲಿನ ಭೂಪಟದಲ್ಲಿ ಊರಿನ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಸ್ಯಾಂಟಿಯಾಗೊ ದಕ್ಷಿಣಕ್ಕೆ 33.45, ಪಶ್ಚಿಮಕ್ಕೆ 70.67 ಡಿಗ್ರಿ, ಬ್ಯೂನಸ್ ಐರಿಸ್ 34.60 ಮತ್ತು 58.38. ಕಳೆದರೆ 1.15 ಮತ್ತು 12.29. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಸುಮಾರು 111 ಕಿ.ಮೀ. ರೇಖಾಂಶ ಹಾಗಲ್ಲ, ಧ್ರುವದ ಕಡೆ ಹೋದಷ್ಟೂ ಗೆರೆಗಳು ಹತ್ತಿರ ಸರಿಯುತ್ತವೆ. 111ನ್ನು 34 ಡಿಗ್ರಿಯ ಕೊಸೈನ್‌ನಿಂದ (0.83) ಗುಣಿಸಿ: 92 ಕಿ.ಮೀ. ಅಲ್ಲಿಗೆ ಉತ್ತರ–ದಕ್ಷಿಣ 128, ಪೂರ್ವ–ಪಶ್ಚಿಮ 1,131 ಕಿ.ಮೀ. ಇನ್ನುಳಿದದ್ದು ಹೈಸ್ಕೂಲಿನ ಪೈಥಾಗರಸ್. ಉತ್ತರ, ಹೆಚ್ಚುಕಡಿಮೆ 1,140 ಕಿ.ಮೀ. (ಖಂಡ ದಾಟುವಷ್ಟು ದೂರಕ್ಕೆ ಈ ಸುಲಭದ ಲೆಕ್ಕ ನಡೆಯದು; ಭೂಮಿಯ ಗುಂಡುತನ ಅಡ್ಡ ಬರುತ್ತದೆ.)

ರಸ್ತೆಯಲ್ಲಾದರೆ ಮೆಂಡೋಜಾ ಮೇಲೆ ಸುತ್ತಿ ಸುಮಾರು 1,400 ಕಿ.ಮೀ. ನಡುವೆ ಆಂಡಿಸ್ ಪರ್ವತದ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ ಸುರಂಗ. ಚಳಿಗಾಲದಲ್ಲಿ ಹಿಮ ಬಿದ್ದರೆ ದಾರಿ ಬಂದ್.

ಈಗ ಹೊತ್ತು. ಜೆಟ್ ವಿಮಾನದ ವೇಗ ಗಂಟೆಗೆ 820 ಕಿ.ಮೀ. ಎಂದು ಹಿಡಿಯಿರಿ. ಅಲ್ಲಿ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಅದು 100 ಕಿ.ಮೀ. ವೇಗದ್ದಾದರೆ ಹೋಗುವಾಗ ಬೆನ್ನಿಗೆ ಗಾಳಿ: 920. ಬರುವಾಗ ಎದುರುಗಾಳಿ: 720. ದೂರವನ್ನು ಭಾಗಿಸಿದರೆ 1 ಗಂಟೆ 14 ನಿಮಿಷ ಮತ್ತು 1 ಗಂಟೆ 35 ನಿಮಿಷ. ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಎಂದು ಮುಕ್ಕಾಲು ಗಂಟೆ ಸೇರಿಸಿ. ಎರಡು ಗಂಟೆ, ಎರಡು ಗಂಟೆ ಇಪ್ಪತ್ತು ನಿಮಿಷ ಬಂತಲ್ಲ?

ಈ ಎದುರುಗಾಳಿ ಸಣ್ಣ ವಿಷಯವಲ್ಲ. 1947ರ ಆಗಸ್ಟ್ 2ರಂದು ಬ್ಯೂನಸ್ ಐರಿಸ್‌ನಿಂದ ಸ್ಯಾಂಟಿಯಾಗೊಗೆ ಹೊರಟ 'ಸ್ಟಾರ್ ಡಸ್ಟ್' ವಿಮಾನ 11 ಜನರೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಐವತ್ತು ವರ್ಷದ ಮೇಲೆ, ಟುಪುಂಗಾಟೊ ಪರ್ವತದ ಹಿಮನದಿಯಲ್ಲಿ. ಮೋಡದ ಮೇಲೆ ಹಾರುತ್ತಿದ್ದವರಿಗೆ ನೆಲ ಕಾಣುತ್ತಿರಲಿಲ್ಲ. ಬಲವಾದ ಎದುರುಗಾಳಿ ಅವರನ್ನು ಹಿಂದೆ ತಡೆದಿತ್ತು. ಪರ್ವತ ದಾಟಿಯಾಯಿತೆಂದು ಲೆಕ್ಕ ಹಾಕಿ ಇಳಿಯತೊಡಗಿದರು ಎಂಬುದೇ ಹೆಚ್ಚಿನವರು ಒಪ್ಪುವ ವಿವರಣೆ.

ಕೊನೆಗೆ ಗಡಿಯಾರ. ಅರ್ಜೆಂಟೀನಾ ವರ್ಷವಿಡೀ ಗ್ರೀನಿಚ್‌ಗಿಂತ 3 ಗಂಟೆ ಹಿಂದೆ. ಚಿಲಿಯ ರಾಜಧಾನಿ ಬೇಸಿಗೆಯಲ್ಲಿ 3, ಚಳಿಗಾಲದಲ್ಲಿ 4 ಗಂಟೆ ಹಿಂದೆ. ಅಲ್ಲಿ ಜುಲೈ ಎಂದರೆ ಚಳಿಗಾಲ. ಟಿಕೆಟ್ಟಿನ ಮೂರು ಗಂಟೆಯಲ್ಲಿ ಒಂದನ್ನು ಕಳೆಯಿರಿ, ವಾಪಸಿನ 1.20ಕ್ಕೆ ಒಂದನ್ನು ಕೂಡಿಸಿ. ಜನವರಿಯಲ್ಲಾದರೆ ಈ ಗೋಜೇ ಇಲ್ಲ.

ಬುಕ್ ಮಾಡುವ ಮುಂಚೆ ವಿಮಾನ ನಿಲ್ದಾಣದ ಹೆಸರನ್ನೂ ನೋಡಿಕೊಳ್ಳಿ. ಬ್ಯೂನಸ್ ಐರಿಸ್‌ಗೆ ಎರಡಿವೆ: ಊರೊಳಗೆ, ನದಿಯ ದಂಡೆಗೆ ಅಂಟಿಕೊಂಡ ಏರೋಪಾರ್ಕೆ, ಊರಾಚೆಯ ಎಜೈಜಾ. ಎಜೈಜಾದಲ್ಲಿ ಇಳಿದರೆ ಗಾಳಿ ಉಳಿಸಿಕೊಟ್ಟ ಇಪ್ಪತ್ತು ನಿಮಿಷ ಟ್ಯಾಕ್ಸಿಯಲ್ಲೇ ಹೋಗುತ್ತದೆ. ಸೀಟು ಮಾತ್ರ ಹೋಗುವಾಗ ಎಡಗಡೆ ಕಿಟಕಿಯದ್ದು ಕೇಳಿ. ಅಕೊಂಕಾಗುವಾ ಶಿಖರ ಇರುವುದು ಆ ಕಡೆ.