ಎರಡು ತ್ರಿಭುಜ ಸಮರೂಪ ಅಂತ ಬರೆದರೆ ಸಾಲದು, ಯಾಕೆ ಅಂತಲೂ ಬರೆಯಿರಿ

ಎರಡು ತ್ರಿಭುಜ ಸಮರೂಪ, ಅಂದರೆ ಅಳತೆ ಬೇರೆ ಇದ್ದರೂ ಆಕಾರ ಒಂದೇ, ಅಂತ ತೋರಿಸುವ ಸಾಧನೆಗಳಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ತ್ರಿಭುಜಗಳು ಸರಿಯಾಗಿಯೇ ಸಿಕ್ಕಿರುತ್ತವೆ, ಕೊನೆಯ ಉತ್ತರವೂ ಸರಿ ಇರುತ್ತದೆ, ಆದರೆ "ಇವೆರಡೂ ಸಮರೂಪ" ಅನ್ನುವ ಸಾಲಿನ ಪಕ್ಕ ಕಾರಣವೇ ಇರುವುದಿಲ್ಲ. ಚಿತ್ರ ನೋಡಿದರೆ ಗೊತ್ತಾಗುತ್ತೆ ಅಲ್ವಾ ಅಂದರೆ ನಡೆಯುವುದಿಲ್ಲ. ಚಿತ್ರದಿಂದ ಸುಳಿವು ತಗೊಳ್ಳಿ. ಕಾರಣ ಮಾತ್ರ ದತ್ತದಿಂದ (ಲೆಕ್ಕದಲ್ಲಿ ಕೊಟ್ಟಿದ್ದರಿಂದ) ಅಥವಾ ಮೊದಲೇ ಸಾಧಿಸಿದ ಪ್ರಮೇಯದಿಂದ ಬರಬೇಕು.

ದಾರಿಗಳು ಮೂರು. ಎರಡು ಜೊತೆ ಕೋನ ಸಮ ಇದ್ದರೆ ಕೋ.ಕೋ. (ಕೋನ-ಕೋನ). ಎರಡು ಜೊತೆ ಬಾಹುಗಳು ಒಂದೇ ಅನುಪಾತದಲ್ಲಿದ್ದು, ಅವುಗಳ ನಡುವಿನ ಕೋನ ಸಮ ಇದ್ದರೆ ಬಾ.ಕೋ.ಬಾ. (ಬಾಹು-ಕೋನ-ಬಾಹು). ಮೂರೂ ಜೊತೆ ಬಾಹುಗಳು ಒಂದೇ ಅನುಪಾತದಲ್ಲಿದ್ದರೆ ಬಾ.ಬಾ.ಬಾ. ಸರ್ವಸಮತೆಯಲ್ಲೂ (ಆಕಾರ, ಅಳತೆ ಎರಡೂ ಒಂದೇ ಇರುವುದು) ಇಂಥದೇ ಹೆಸರುಗಳಿವೆ. ಅಲ್ಲಿ ಬಾಹುಗಳೇ ಸಮ ಇರಬೇಕು, ಇಲ್ಲಿ ಅನುಪಾತ ಸಮ ಇದ್ದರೆ ಸಾಕು.

ಯಾವ ಲೆಕ್ಕ ಬಂದರೂ ಮೊದಲು ಕೋನ ಹುಡುಕಿ. ಎರಡು ಸಿಕ್ಕರೆ ಕೆಲಸ ಮುಗಿಯಿತು, ಯಾಕೆಂದರೆ ಮೂರರ ಮೊತ್ತ 180° ಆಗಿರುವುದರಿಂದ ಮೂರನೆಯದು ತಾನಾಗಿಯೇ ಸಮ ಆಗುತ್ತದೆ. ಎಲ್ಲಿ ಹುಡುಕುವುದು? ಎರಡು ತ್ರಿಭುಜಕ್ಕೂ ಒಂದೇ ಶೃಂಗದಲ್ಲಿ ಸಾಮಾನ್ಯ ಕೋನ ಇದೆಯಾ ನೋಡಿ. ರೇಖೆಗಳು ಒಂದನ್ನೊಂದು ಕತ್ತರಿಸಿದ ಕಡೆ ಶೃಂಗಾಭಿಮುಖ ಕೋನಗಳು, ಅಂದರೆ ಎದುರುಬದುರಿನ ಸಮ ಕೋನಗಳು, ಇರುತ್ತವೆ. ಸಮಾಂತರ ರೇಖೆಗಳು ಅಂತ ಕೊಟ್ಟಿದ್ದರೆ, ಅವನ್ನು ಕತ್ತರಿಸುವ ರೇಖೆಯ (ಛೇದಕದ) ಎರಡು ಪಕ್ಕದಲ್ಲಿರುವ ಪರ್ಯಾಯ ಕೋನ ಅಥವಾ ಒಂದೇ ಪಕ್ಕದಲ್ಲಿರುವ ಅನುರೂಪ ಕೋನ ಸಿಗುತ್ತದೆ, ಲಂಬ ಅಂತಿದ್ದರೆ 90°, ವೃತ್ತ ಇದ್ದರೆ ಒಂದೇ ವೃತ್ತಖಂಡದಲ್ಲಿನ ಕೋನಗಳು (ಒಂದೇ ಜ್ಯಾದ ಒಂದೇ ಪಕ್ಕದಲ್ಲಿ ವೃತ್ತದ ಮೇಲಿರುವವು). ದತ್ತದಲ್ಲಿ "ಸಮಾಂತರ" ಅನ್ನುವ ಪದ ಸುಮ್ನೆ ಬಂದಿರುವುದಿಲ್ಲ.

ಒಂದು ಉದಾಹರಣೆ. ಅಬಕಡ ತ್ರಾಪಿಜ್ಯದಲ್ಲಿ ಅಬ ∥ ಡಕ, ಕರ್ಣಗಳು ಮ ಬಿಂದುವಿನಲ್ಲಿ ಸಂಧಿಸುತ್ತವೆ. △ಅಮಬ ಮತ್ತು △ಕಮಡ ಸಮರೂಪ ಅಂತ ತೋರಿಸಬೇಕು. ಬರೆಯುವುದು ಹೀಗೆ:

∠ಅಮಬ = ∠ಕಮಡ (ಶೃಂಗಾಭಿಮುಖ ಕೋನಗಳು)
∠ಮಅಬ = ∠ಮಕಡ (ಅಬ ∥ ಡಕ, ಅಕ ಛೇದಕ, ಪರ್ಯಾಯ ಕೋನಗಳು)
ಆದ್ದರಿಂದ △ಅಮಬ ~ △ಕಮಡ (ಕೋ.ಕೋ.)

ಎರಡನೇ ಸಾಲಿನಲ್ಲಿ ಬರೀ "ಪರ್ಯಾಯ ಕೋನಗಳು" ಅಂತ ಬರೆದು ಬಿಡಬೇಡಿ. ಯಾವ ರೇಖೆಗಳು ಸಮಾಂತರ, ಛೇದಕ ಯಾವುದು ಅಂತ ಹೇಳಿದರೇ ಅದು ಕಾರಣ. ಇನ್ನು ಪಕ್ಕದ △ಅಮಡ, △ಬಮಕ ನೋಡಿ. ಅವೂ ಎದುರುಬದುರು ಕೂತಿವೆ, ಶೃಂಗಾಭಿಮುಖ ಕೋನವೂ ಇದೆ. ಆದರೆ ಎರಡನೇ ಕೋನ ಎಲ್ಲಿಂದ ತರುತ್ತೀರಿ? ಅಡ ಮತ್ತು ಬಕ ಸಮಾಂತರ ಅಂತ ಯಾರೂ ಹೇಳಿಲ್ಲ. ಅವುಗಳ ವಿಸ್ತೀರ್ಣ ಸಮ, ಅದು ಬೇರೆ ಮಾತು. ಸಾಮಾನ್ಯವಾಗಿ ಅವು ಸಮರೂಪ ಅಲ್ಲ.

ಅಕ್ಷರಗಳ ಕ್ರಮಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತು ಕೊಡುತ್ತೇನೆ. ಸಮ ಕೋನಗಳ ಶೃಂಗಗಳು ಎರಡೂ ಹೆಸರಿನಲ್ಲಿ ಒಂದೇ ಸ್ಥಾನದಲ್ಲಿರಬೇಕು. ಕ್ರಮ ಸರಿ ಇದ್ದರೆ ಅನುಪಾತ ಬರೆಯಲು ಚಿತ್ರವನ್ನೇ ನೋಡಬೇಕಿಲ್ಲ. ತಪ್ಪಿದರೆ ಮುಂದಿನ ಸಾಲುಗಳೆಲ್ಲ ಹಾಳು. △ಅಬಕ ದಲ್ಲಿ ∠ಬ = 90°, ಬ ಯಿಂದ ಅಕ ಗೆ ಎಳೆದ ಲಂಬ ಬಡ ಅಂತಿರಲಿ, ಅಬ² = ಅಡ × ಅಕ ಅಂತ ಸಾಧಿಸಬೇಕು. ಯಾವ ತ್ರಿಭುಜ ತಗೊಳ್ಳಬೇಕು ಅಂತ ಹೊಳೆಯದಿದ್ದರೆ ಸಾಧನೀಯದಿಂದ (ಸಾಧಿಸಬೇಕಾದ ಸಾಲಿನಿಂದ) ಹಿಂದಕ್ಕೆ ಬನ್ನಿ. ಗುಣಲಬ್ಧವನ್ನು ಅನುಪಾತ ಮಾಡಿದರೆ ಅಬ/ಅಡ = ಅಕ/ಅಬ ಆಗುತ್ತದೆ. ಮೇಲಿನ ಅಕ್ಷರಗಳು ಅ, ಬ, ಕ. ಕೆಳಗಿನವು ಅ, ಡ, ಬ. ತ್ರಿಭುಜಗಳು ಸಿಕ್ಕವು, ಕ್ರಮವೂ ಸಿಕ್ಕಿತು: △ಅಬಕ ~ △ಅಡಬ. ಕಾರಣ ಎರಡು: ∠ಅ ಸಾಮಾನ್ಯ, ∠ಅಬಕ = ∠ಅಡಬ = 90°. ಇದೇ ರೀತಿ ಬಕ² = ಡಕ × ಅಕ ಬರುತ್ತದೆ, ಎರಡನ್ನೂ ಕೂಡಿದರೆ, ಅಡ + ಡಕ = ಅಕ ಆದ್ದರಿಂದ, ಪೈಥಾಗೊರಸ್ ಪ್ರಮೇಯವೇ ಎದುರಿಗೆ ನಿಲ್ಲುತ್ತದೆ. ನನಗೆ ತುಂಬಾ ಇಷ್ಟವಾದ ಸಾಧನೆ ಇದು.

ಒಂದೇ ಕೋನ ಸಿಕ್ಕಿ, ಬಾಹುಗಳ ಬಗ್ಗೆ ಏನಾದರೂ ಕೊಟ್ಟಿದ್ದರೆ ಬಾ.ಕೋ.ಬಾ. ಪ್ರಯತ್ನಿಸಿ. ಅಬ ಮತ್ತು ಕಡ ಎಂಬ ರೇಖಾಖಂಡಗಳು ಮ ದಲ್ಲಿ ಛೇದಿಸಿ, ಮಅ × ಮಬ = ಮಕ × ಮಡ ಅಂತಿದ್ದರೆ, ಅದನ್ನು ಮಅ/ಮಕ = ಮಡ/ಮಬ ಅಂತ ಬದಲಿಸಿ. ನಡುವಿನ ಕೋನಗಳು ∠ಅಮಡ, ∠ಕಮಬ ಶೃಂಗಾಭಿಮುಖ. ಹಾಗಾಗಿ △ಅಮಡ ~ △ಕಮಬ.

ಆದರೆ ಕೋನ ಆ ಎರಡು ಬಾಹುಗಳ ನಡುವೆಯೇ ಇರಬೇಕು. ಅಬ = 4, ಅಕ = 6, ∠ಕ = 40° ಅಂತ ಒಂದು ತ್ರಿಭುಜ ಎಳೆಯಲು ಹೋಗಿ. ∠ಬ ಸುಮಾರು 75° ಇರುವ ಒಂದು ಬರುತ್ತದೆ, ಸುಮಾರು 105° ಇರುವ ಇನ್ನೊಂದೂ ಬರುತ್ತದೆ. ಬಾಹುಗಳು ಅವೇ, ಕೋನವೂ ಅದೇ, ಆದರೂ ಆಕಾರ ಬೇರೆ.

ಬಾ.ಬಾ.ಬಾ. ಸುಲಭ. ಎರಡರ ಬಾಹುಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಬರೆದುಕೊಂಡು ಅನುಪಾತ ನೋಡಿ. 6, 8, 12 ಮತ್ತು 9, 12, 18 ಇದ್ದರೆ 12 ಎರಡರಲ್ಲೂ ಇದೆ ಅಂತ ಅವನ್ನು ಜೋಡಿಸಬೇಡಿ. 6/9, 8/12, 12/18 ಮೂರೂ 2/3. ಮೂರನ್ನೂ ಬರೆದು ತೋರಿಸಿ.

ಬರೆದು ಮುಗಿಸಿದ ಮೇಲೆ ಪ್ರತಿ ಸಾಲಿನ ಕಾರಣ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿ. "ಅನುರೂಪ ಬಾಹುಗಳು ಸಮಾನುಪಾತದಲ್ಲಿವೆ" ಅನ್ನುವುದು, ದತ್ತದಿಂದಲೇ ಬಂದಿಲ್ಲದಿದ್ದರೆ, ಸಮರೂಪ ಅಂತ ಸಾಧಿಸಿದ ನಂತರ ಸಿಗುವ ಫಲ, ಅದನ್ನೇ ಮೊದಲಿಗೆ ತಂದು ಸಮರೂಪತೆಗೆ ಕಾರಣ ಮಾಡಿದರೆ ಸಾಧನೆ ತನ್ನನ್ನು ತಾನೇ ಸುತ್ತಿದಂತೆ. ಹಾಗೆ ಕಂಡರೆ ಆ ಸಾಲನ್ನು ಹೊಡೆದುಹಾಕಿ, ಮತ್ತೆ ಕೋನ ಹುಡುಕುವುದರಿಂದ ಶುರು ಮಾಡಿ.