ಆಕಾಶದ ತುಂಬ ರವೆ ಚೆಲ್ಲಿದೆಯಾ? ನಾಯ್ಸ್ ತೆಗೆಯಿರಿ, ಬೆಟ್ಟ ಅಳಿಸಬೇಡಿ

ಮುಳ್ಳಯ್ಯನಗಿರಿಯಲ್ಲಿ ಸೂರ್ಯ ಹುಟ್ಟುವ ಮೊದಲು ತೆಗೆದ ಫೋಟೋ ಒಂದು ನನ್ನ ಹತ್ತಿರ ಇದೆ. ಗಾಳಿ ಜೋರಿತ್ತು, ಟ್ರೈಪಾಡ್ ಕಾರಲ್ಲೇ ಉಳಿದಿತ್ತು, ಐಎಸ್‌ಒ (ಫೋಟೋ ಎಷ್ಟು ಬೆಳಗಬೇಕು ಅನ್ನುವ ಕ್ಯಾಮೆರಾ ಸೆಟ್ಟಿಂಗ್) 3200. ಕ್ಯಾಮೆರಾ ಸ್ಕ್ರೀನಿನಲ್ಲಿ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು 100% ಜೂಮ್ ಮಾಡಿದರೆ ಆಕಾಶದ ತುಂಬ ರವೆ ಚೆಲ್ಲಿದ ಹಾಗೆ, ಬೆಟ್ಟದ ನೆರಳಲ್ಲಿ ಕೆಂಪು-ಹಸಿರು ಚುಕ್ಕಿ. ನಾಯ್ಸ್ ಅಂದರೆ ಇದೇ. ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ, ನಾಯ್ಸ್ ತಗ್ಗಿಸುವ ಲ್ಯೂಮಿನನ್ಸ್ ಸ್ಲೈಡರ್ ಹಿಡಿದು 80ರ ತನಕ ಎಳೆದೆ. ಆಕಾಶ ನುಣ್ಣಗಾಯಿತು. ಜೊತೆಗೆ ಹುಲ್ಲು, ಬಂಡೆ ಎಲ್ಲ ಮೇಣ ಬಳಿದ ಹಾಗಾಯಿತು.

ಐಎಸ್‌ಒ ಜಾಸ್ತಿ ಇಟ್ಟರೆ ನಾಯ್ಸ್ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಮುಖ್ಯ ಕಾರಣ ಸೆನ್ಸರ್ ಮೇಲೆ ಬಿದ್ದ ಬೆಳಕು ಸಾಲದೇ ಇರುವುದು. ಅದಕ್ಕೇ ಐಎಸ್‌ಒ 100ರಲ್ಲಿ ಕತ್ತಲಾಗಿ ತೆಗೆದು, ಆಮೇಲೆ ಎಡಿಟ್ ಮಾಡುವಾಗ ಶ್ಯಾಡೋಸ್ (ನೆರಳಿನ ಭಾಗ) ಎತ್ತಿದರೂ ಚುಕ್ಕಿ ಎದ್ದು ಬರುತ್ತದೆ.

ಮೊದಲು ಬಣ್ಣದ ಚುಕ್ಕಿ ತೆಗೆಯಿರಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೋಟೋ) ಆದರೆ ಲೈಟ್‌ರೂಮ್ ತಾನೇ ಕಲರ್ ಸ್ಲೈಡರನ್ನು 25ಕ್ಕೆ ಇಟ್ಟಿರುತ್ತದೆ, ಹೆಚ್ಚಿನ ಸಲ ಅಷ್ಟೇ ಸಾಕು. ಜೆಪೆಗ್ ಆದರೆ ಕ್ಯಾಮೆರಾನೇ ಒಂದು ಸಲ ಉಜ್ಜಿ ಕೊಟ್ಟಿರುತ್ತದೆ, ಮತ್ತೆ ಉಜ್ಜಿದರೆ ಸವೆಯುತ್ತದೆ.

ಲ್ಯೂಮಿನನ್ಸ್ ಇಡೀ ಫೋಟೋಗೆ ಹಾಕಬೇಡಿ. ಮಾಸ್ಕ್‌ನಲ್ಲಿ ಆಕಾಶ ಮಾತ್ರ ಸೆಲೆಕ್ಟ್ ಮಾಡಿ, ಅಲ್ಲಿ ನಾಯ್ಸ್ ಸ್ಲೈಡರ್ ಏರಿಸಿ. ಎಲೆ, ಹುಲ್ಲು, ಕಲ್ಲು ಇರುವ ಕಡೆ ನಾಯ್ಸ್ ತಾನೇ ಅಡಗಿಕೊಳ್ಳುತ್ತದೆ, ಅದನ್ನು ಸುಮ್ನೆ ಬಿಟ್ಟುಬಿಡಿ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್ ನಿಜಕ್ಕೂ ಒಳ್ಳೆಯದು, ಅದನ್ನು ಎಡಿಟಿಂಗ್ ಶುರುವಿನಲ್ಲೇ ಮಾಡಿ, ಆದರೆ ಅಮೌಂಟ್ 50ರಿಂದ 30ಕ್ಕೆ ಇಳಿಸಿ ನೋಡಿ, ಇಲ್ಲದಿದ್ದರೆ ದೂರದ ಶೋಲಾ ಕಾಡು ಪ್ಲಾಸ್ಟಿಕ್ ಗಿಡದ ತರಹ ಕಾಣಬಹುದು. ದುಡ್ಡು ಕೊಡಲು ಮನಸ್ಸಿಲ್ಲವಾ? ಡಾರ್ಕ್‌ಟೇಬಲ್ ಪುಕ್ಕಟೆ. ಅದರ ಪ್ರೊಫೈಲ್ಡ್ ಡಿನಾಯ್ಸ್ ಮಾಡ್ಯೂಲ್ ನಿಮ್ಮ ಕ್ಯಾಮೆರಾ ಮಾಡೆಲ್ ಮತ್ತು ಐಎಸ್‌ಒ ನೋಡಿಕೊಂಡು ಕೆಲಸ ಮಾಡುತ್ತದೆ.

ಈಗ ನಾವೇ ಕೈಯಾರೆ ತಂದುಕೊಳ್ಳುವ ನಾಯ್ಸ್. ನನ್ನ ಫೋಟೋಗಳಲ್ಲಿ ಅರ್ಧಕ್ಕರ್ಧ ಇದೇ. ಮಂಜು ಇದೆ ಅಂತ ಡಿಹೇಜ್ ಎಳೆಯುತ್ತೇವೆ, ಮೋಡಕ್ಕೆ ಕ್ಲಾರಿಟಿ ಕೊಡುತ್ತೇವೆ, ಎರಡೂ ಚುಕ್ಕಿಗಳನ್ನು ಎತ್ತಿ ತೋರಿಸುತ್ತವೆ. ಎಲ್ಲಕ್ಕಿಂತ ಮೋಸದ್ದು ನೀಲಿ ಲ್ಯೂಮಿನನ್ಸ್ ಸ್ಲೈಡರ್. ಇದು ನಾಯ್ಸ್ ತಗ್ಗಿಸುವ ಸ್ಲೈಡರ್ ಅಲ್ಲ, ನೀಲಿ ಬಣ್ಣದ ಹೊಳಪು ಏರಿಸಿ ಇಳಿಸುವುದು. ಆಕಾಶ ಕಡು ನೀಲಿ ಆಗಲಿ ಅಂತ ಅದನ್ನು -60ಕ್ಕೆ ಇಳಿಸಿದರೆ, ಐಎಸ್‌ಒ 100ರಲ್ಲಿ ಮಟಮಟ ಮಧ್ಯಾಹ್ನ ತೆಗೆದ ಫೋಟೋದಲ್ಲೂ ಆಕಾಶ ಮಚ್ಚೆ ಮಚ್ಚೆ ಆಗಿಬಿಡುತ್ತದೆ. ಅದರ ಬದಲು ಆಕಾಶದ ಮಾಸ್ಕ್‌ನಲ್ಲಿ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಸಾಕು.

ಶಾರ್ಪನಿಂಗ್ ಕೂಡ ಅಷ್ಟೇ. ವಿಂಡೋಸ್‌ನಲ್ಲಿ ಆಲ್ಟ್ ಕೀ, ಮ್ಯಾಕ್‌ನಲ್ಲಿ ಆಪ್ಶನ್ ಕೀ ಒತ್ತಿ ಹಿಡಿದು ಮಾಸ್ಕಿಂಗ್ ಸ್ಲೈಡರ್ ಎಳೆಯಿರಿ. ಫೋಟೋ ಕಪ್ಪು-ಬಿಳುಪಾಗುತ್ತದೆ. ಬಿಳಿ ಇರುವ ಕಡೆ ಮಾತ್ರ ಶಾರ್ಪನಿಂಗ್ ಬೀಳುತ್ತದೆ. ಆಕಾಶ ಪೂರ್ತಿ ಕಪ್ಪಾಗುವ ತನಕ ಎಳೆದು ಬಿಡಿ.

ಇಷ್ಟೆಲ್ಲ ಉಜ್ಜಿದ ಮೇಲೆ ನಾನು ಗ್ರೇನ್ (ಹಳೇ ಫಿಲ್ಮ್ ಫೋಟೋದ ತರಹದ ಸಣ್ಣ ಕಾಳು) ಹಾಕುತ್ತೇನೆ ಅಂದರೆ ನಗಬೇಡಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ತೀರಾ ನುಣುಪಾದ ಆಕಾಶದಲ್ಲಿ ಆ ಮೆಟ್ಟಿಲು ಪಟ್ಟೆ ಪಟ್ಟೆಯಾಗಿ ಕಾಣಬಹುದು. 10-15ರಷ್ಟು ಗ್ರೇನ್ ಉದುರಿಸಿದರೆ ಪಟ್ಟೆ ಮುಚ್ಚಿಹೋಗುತ್ತದೆ, ನುಣ್ಣನೆ ಆಕಾಶಕ್ಕೂ ಒರಟು ಬೆಟ್ಟಕ್ಕೂ ಹೊಂದಿಕೆ ಬರುತ್ತದೆ. ನಾಯ್ಸ್‌ನ ಹಾಗೆ ಇದು ಬಣ್ಣ ಬಣ್ಣವಾಗಿ ಇರುವುದಿಲ್ಲ, ಅದಕ್ಕೇ ಕಣ್ಣಿಗೆ ಚುಚ್ಚುವುದಿಲ್ಲ.

ಟ್ರೈಪಾಡ್ ಇದ್ದರೆ ಅದೇ ಫ್ರೇಮ್ ನಾಲ್ಕು ಸಲ ತೆಗೆದು, ಫೋಟೋಶಾಪ್‌ನಲ್ಲಿ ಒಂದರ ಮೇಲೊಂದಿಟ್ಟು ಸರಾಸರಿ ಮಾಡಿ. ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. 16 ತೆಗೆದರೆ ಕಾಲು ಭಾಗ. ಮೋಡ ಓಡುತ್ತಿದ್ದರೆ ಅದು ಮಾತ್ರ ಕಲಸಿಹೋಗುತ್ತದೆ.

ಇನ್ನೊಂದು. ಎಡಿಟ್ ಮಾಡುವಾಗ 300% ಜೂಮ್ ಮಾಡಿ ಕೊರಗಬೇಡಿ. 6000 ಪಿಕ್ಸೆಲ್ ಅಗಲದ ಫೋಟೋವನ್ನು 2000ಕ್ಕೆ ಇಳಿಸಿ ಎಕ್ಸ್‌ಪೋರ್ಟ್ ಮಾಡಿದರೆ ಒಂಬತ್ತು ಪಿಕ್ಸೆಲ್ ಸೇರಿ ಒಂದಾಗಿ, ನಾಯ್ಸ್ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಮುಳ್ಳಯ್ಯನಗಿರಿಯ ಆ ಫೋಟೋವನ್ನು 12x18 ಇಂಚಿಗೆ ಎರಡು ಪ್ರಿಂಟ್ ಹಾಕಿಸಿದೆ, ಒಂದು ಹಳೇ ಎಡಿಟ್, ಇನ್ನೊಂದು ಹೊಸದು. ಹೊಸದರಲ್ಲಿ ಎಷ್ಟು ಹುಡುಕಿದರೂ ರವೆ ಕಾಣಲಿಲ್ಲ. ಹಳೆಯದರಲ್ಲಿ ಮೇಣದ ಹುಲ್ಲು ಬಾಗಿಲಿನಿಂದಲೇ ಕಾಣುತ್ತದೆ.