ಕೆನಡಿ ಹತ್ಯೆಯ ‘ಮಾಯಾಗುಂಡು’: ಎರಡು ಕುರ್ಚಿ, ಒಂದು ದಾರ ಇಟ್ಟು ನೋಡಿದ ಬಗೆ

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ನಡೆದ ಅಧ್ಯಕ್ಷ ಕೆನಡಿ ಹತ್ಯೆಯ ಪಿತೂರಿ ಕಥೆಗಳಲ್ಲಿ ‘ಮಾಯಾಗುಂಡು’ ಇಂದಿಗೂ ಸವೆಯದೆ ಉಳಿದಿದೆ. ಕೆನಡಿಯವರ ಬೆನ್ನಿನ ಮೇಲ್ಭಾಗ ಹೊಕ್ಕು ಗಂಟಲಿನಿಂದ ಹೊರಬಂದ ಗುಂಡೇ ಅದೇ ಕಾರಿನಲ್ಲಿ ಮುಂದೆ ಕೂತಿದ್ದ ಟೆಕ್ಸಾಸ್ ಗವರ್ನರ್ ಕಾನಲಿಯವರ ಎದೆ, ಬಲ ಮಣಿಕಟ್ಟು, ಎಡ ತೊಡೆಗೆ ತಗುಲಿತು ಎಂದಿತು ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗ. ಗಾಳಿಯಲ್ಲೇ ಅತ್ತಿತ್ತ ತಿರುಗದೆ ಗುಂಡಿಗೆ ಇದು ಸಾಧ್ಯವಿಲ್ಲ ಎನ್ನುವವರು ಒಂದು ಚಿತ್ರ ತೋರಿಸುತ್ತಾರೆ. ಅದರಲ್ಲಿ ಇಬ್ಬರೂ ಒಂದೇ ಎತ್ತರದಲ್ಲಿ, ಒಬ್ಬರ ನೇರ ಹಿಂದೆ ಇನ್ನೊಬ್ಬರು. ಎಡವಟ್ಟಾಗಿರುವುದು ಅಲ್ಲೇ.

ಪರೀಕ್ಷೆಗೆ ಒಂದೇ ಅಳತೆಯ ಎರಡು ಕುರ್ಚಿ, ನೈಲಾನ್ ದಾರ, ಟೇಪು ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದೇ ಕಾರಿನ ಬಲ ಬಾಗಿಲು. ಗೆರೆಯ ಬದಲು ಗೋಡೆಯನ್ನು ಬಾಗಿಲೆಂದುಕೊಂಡರೆ ಕೆಡುತ್ತದೆ. ಕೆನಡಿಯವರ ಬಲ ಮೊಳಕೈ ಬಾಗಿಲಿನ ಮೇಲಿತ್ತು, ಗೋಡೆಯಿದ್ದರೆ ಕೂತವರು ಎಡಕ್ಕೆ ಸರಿದುಬಿಡುತ್ತಾರೆ. ಹಿಂದಿನ ಕುರ್ಚಿಯನ್ನು ಗೆರೆಗೆ ತಾಗಿಸಿ, ಅದರ ಮೇಲೆ 8 ಸೆಂ.ಮೀ. ಎತ್ತರದ ಮಣೆ ಇಡಿ. ಮುಂದಿನದನ್ನು ಗೆರೆಯಿಂದ 15 ಸೆಂ.ಮೀ. ಒಳಕ್ಕೆ ತನ್ನಿ, ಕಾನಲಿಯವರ ಮಡಿಸುವ ಆಸನ ಅಷ್ಟು ಒಳಗೆ, ಹಿಂದಿನ ಆಸನಕ್ಕಿಂತ 8 ಸೆಂ.ಮೀ. ತಗ್ಗಿನಲ್ಲಿತ್ತು. ಅಲ್ಲಿ ಕೂತವರು ಬಲಕ್ಕೆ ಸ್ವಲ್ಪ ತಿರುಗಿರಬೇಕು.

ಟೆಕ್ಸಾಸ್ ಶಾಲಾ ಪುಸ್ತಕ ಭಂಡಾರ ಕಟ್ಟಡದ ಆರನೇ ಅಂತಸ್ತಿನಿಂದ ಬಂದ ಗುಂಡಿನ ಇಳಿಜಾರು, ರಸ್ತೆಯ ಇಳಿತ ಕಳೆದರೆ, ಸುಮಾರು 17ರಿಂದ 18 ಡಿಗ್ರಿ. ಅಂದರೆ 10 ಸೆಂ.ಮೀ. ಮುಂದೆ ಹೋದರೆ 3 ಸೆಂ.ಮೀ. ಚಿಲ್ಲರೆ ಕೆಳಗೆ. ಹಿಂದಿನವರ ಗಂಟಲಿನಿಂದ ಈ ಲೆಕ್ಕದಲ್ಲಿ, ಕೊಂಚ ಎಡಕ್ಕೆ ದಾರ ಎಳೆದರೆ ಅದು ಮುಂದಿನವರ ಬಲ ಕಂಕುಳ ಹಿಂಬದಿಯ ಹತ್ತಿರ ಮುಟ್ಟುತ್ತದೆ. ಕಾನಲಿಯವರಿಗೆ ಗುಂಡು ಹೊಕ್ಕಿದ್ದೂ ಅಲ್ಲೇ. ದಾರ ಬಿಗಿಯಾಗಿರಲಿ, ಜೋತರೆ ಕೋನ ಸುಳ್ಳಾಗುತ್ತದೆ. ನೇರ ದಾರಿ ಸಾಧ್ಯವಿತ್ತು ಎಂಬಷ್ಟೇ ಇದರಿಂದ ಗೊತ್ತಾಗುವುದು. ಗುಂಡು ಹಾರಿಸಿದವನೆಂದು ಆಯೋಗ ಹೇಳಿದ ಆಸ್ವಾಲ್ಡ್ ಹಿಂದೆ ಯಾರಾದರೂ ಇದ್ದರೇ ಎಂಬುದಕ್ಕೆ ಇದನ್ನು ಸಾಕ್ಷಿ ಮಾಡಬಾರದು.

ಇನ್ನು ಸಮಯ. ಹತ್ಯೆಯ ಹೊತ್ತಿಗೆ ಅಲ್ಲಿದ್ದ ಝಪ್ರೂಡರ್ ಎಂಬ ಪ್ರೇಕ್ಷಕ ಚಿತ್ರೀಕರಿಸಿದ 8 ಎಂಎಂ ಸುರುಳಿಯ ವೇಗ ಸೆಕೆಂಡಿಗೆ ಸರಾಸರಿ 18.3 ಫ್ರೇಮ್. ಈಗ ಸಿಗುವ ಬಹಳಷ್ಟು ವಿಡಿಯೊಗಳು 24 ಅಥವಾ 30ಕ್ಕೆ ಪರಿವರ್ತನೆಯಾದವು, ಕೆಲವು ಫ್ರೇಮ್ ಎರಡೆರಡು ಸಲ ಬರುತ್ತವೆ. ಅವುಗಳಲ್ಲಿ ಎಣಿಸಿದರೆ ಲೆಕ್ಕ ಹಾಳು. ಸಂಖ್ಯೆ ಹಾಕಿದ ಬಿಡಿ ಫ್ರೇಮ್‌ಗಳನ್ನೇ ಹಿಡಿಯಿರಿ. ಆಯೋಗದ ಸಂಪುಟದಲ್ಲೂ 314, 315ನೇ ಫ್ರೇಮ್‌ಗಳು ಹಿಂದುಮುಂದಾಗಿ ಅಚ್ಚಾಗಿದ್ದವು, ಕೆನಡಿಯವರ ತಲೆ ಯಾವ ಕಡೆ ವಾಲಿತು ಎಂಬ ಜಗಳಕ್ಕೆ ಅದು ತುಪ್ಪ ಸುರಿಯಿತು. ಕಾನಲಿಯವರ ಕೋಟಿನ ಮಡಿಕೆ ಎದ್ದದ್ದು 224ರಲ್ಲಿ. ರಸ್ತೆ ಫಲಕದ ಮರೆಯಿಂದ ಕೆನಡಿ ಹೊರಬಂದು ಕೈ ಎತ್ತುವುದು ಅದರ ಬೆನ್ನಿಗೇ. ಆಸ್ವಾಲ್ಡ್‌ನ ರೈಫಲ್‌ನಿಂದ ಇನ್ನೊಂದು ಗುಂಡು ಹಾರಿಸಲು ಕನಿಷ್ಠ 2.3 ಸೆಕೆಂಡು, ಅಂದರೆ 42 ಫ್ರೇಮ್ ಬೇಕು. ಹೀಗಾಗಿ ಇಬ್ಬರಿಗೂ ತಗುಲಿದ್ದು ಒಂದೇ ಗುಂಡಲ್ಲ ಎನ್ನುವವರು ಎರಡನೇ ಬಂದೂಕುಧಾರಿಯನ್ನು ತೋರಿಸಲೇಬೇಕು. ತಲೆಗೆ ಬಿದ್ದ ಗುಂಡು 313ರಲ್ಲಿ, ಅಷ್ಟರಲ್ಲಿ 89 ಫ್ರೇಮ್, ಸುಮಾರು 4.9 ಸೆಕೆಂಡು ಕಳೆದಿತ್ತು.

ಇಬ್ಬರಿಗೂ ತಗುಲಿತೆನ್ನುವ ಆ ಗುಂಡು ‘ಹೊಚ್ಚಹೊಸದಂತಿದೆ’ ಎಂಬ ಮಾತಿಗೆ ಒಂದೇ ಪರಿಹಾರ: ಪಕ್ಕದಿಂದ ತೆಗೆದ ಫೋಟೊ ಬಿಟ್ಟು ಬುಡದ ಕಡೆಯಿಂದ ತೆಗೆದದ್ದನ್ನು ನೋಡುವುದು. ಬುಡ ಚಪ್ಪಟೆಯಾಗಿ, ಸೀಸ ಹೊರಕ್ಕೆ ಹಿಂಡಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ.